ಮೊದಲು ಮಾಸ್ಕ್, ಮಿಕ್ಕಿದ್ದು ಆಮೇಲೆ: ವಿಮಾನದೊಳಗಿನ ಒತ್ತಡ ಕುಸಿದರೆ

ಮೈಸೂರಿನಿಂದ ಊಟಿಗೆ ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ಟು ಬಲೂನಿನಂತೆ ಉಬ್ಬಿಕೊಳ್ಳುತ್ತದಲ್ಲ, ಹೊರಗಿನ ಗಾಳಿಯ ಒತ್ತಡ ಇಳಿದದ್ದರ ಗುರುತು ಅದು. ಊಟಿ ಇರುವುದು ಸುಮಾರು 7,350 ಅಡಿಯಲ್ಲಿ. ಜೆಟ್ ವಿಮಾನ 35,000 ಅಡಿಯಲ್ಲಿದ್ದರೂ ಒಳಗಿನ ಗಾಳಿ 8,000 ಅಡಿಯ ಮಟ್ಟಕ್ಕಿಂತ ತೆಳುವಾಗದಂತೆ ನೋಡಿಕೊಳ್ಳುತ್ತಾರೆ. ಎಂಜಿನ್ನಿನ ಬಿಸಿಗಾಳಿ ಎ.ಸಿ. ಪ್ಯಾಕ್‌ಗಳಲ್ಲಿ ತಣಿದು ಒಳಗೆ ಬರುತ್ತದೆ. ಔಟ್‌ಫ್ಲೋ ವಾಲ್ವ್ ಬೇಕಾದಷ್ಟನ್ನೇ ಹೊರಗೆ ಬಿಡುತ್ತದೆ. ಇವೆರಡರಲ್ಲಿ ಒಂದು ಕೈಕೊಟ್ಟರೂ, ಬಾಗಿಲ ಸೀಲ್ ಸೋರಿದರೂ ತೊಂದರೆ.

ಕ್ಯಾಬಿನ್ಒಳಗಿನ ಗಾಳಿ 10,000 ಅಡಿಯ ಮಟ್ಟಕ್ಕಿಂತ ತೆಳುವಾದರೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಕೂಗುತ್ತದೆ. ಆಗ ಕಾರಣ ಹುಡುಕುತ್ತ ಕೂರಬಾರದು. ಇಬ್ಬರು ಪೈಲಟ್‌ಗಳೂ ಮೊದಲು ಮಾಸ್ಕ್ ಹಾಕಿಕೊಂಡು, ಆಕ್ಸಿಜನ್ ಶೇಕಡಾ 100ಕ್ಕೆ ತಿರುಗಿಸಿ, ಮಾಸ್ಕಿನ ಮೈಕಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿದೆಯೇ ಎಂದು ನೋಡಬೇಕು. 35,000 ಅಡಿಯಲ್ಲಿ ಬುದ್ಧಿ ನೆಟ್ಟಗಿರುವುದು 30ರಿಂದ 60 ಸೆಕೆಂಡು ಅಷ್ಟೇ. ನೋವಿಲ್ಲ, ಉಸಿರು ಕಟ್ಟಿದಂತೆಯೂ ಇಲ್ಲ. ಎಲ್ಲ ಸರಿಯಾಗಿದೆ ಎನ್ನಿಸುವ ಮಂಪರು. ಅಪಾಯ ಇರುವುದೇ ಅಲ್ಲಿ. 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ 121 ಜನ ಸತ್ತ ಅಪಘಾತದಲ್ಲಿ ಒತ್ತಡದ ಸ್ವಿಚ್ ಆಟೊ (ತಾನಾಗಿ ನಡೆಯುವುದು) ಬದಲು ಮ್ಯಾನುಯಲ್‌ನಲ್ಲೇ (ಕೈಯಿಂದ ನಡೆಸುವುದು) ಉಳಿದಿತ್ತು. ಎಚ್ಚರಿಕೆಯ ಸದ್ದನ್ನು ಪೈಲಟ್‌ಗಳು ಬೇರೆ ಯಾವುದರದೋ ಎಂದುಕೊಂಡರು.

ಮಾಸ್ಕ್ ಆದಮೇಲೆ ವಾಲ್ವ್. ಆಟೊ ಕೆಲಸ ಮಾಡದಿದ್ದರೆ ಮ್ಯಾನುಯಲ್‌ಗೆ ತಂದು ವಾಲ್ವ್ ಮುಚ್ಚಬೇಕು, ಬ್ಲೀಡ್ (ಎಂಜಿನ್ನಿನಿಂದ ಗಾಳಿ ತರುವುದು) ಮತ್ತು ಪ್ಯಾಕ್ ಸ್ವಿಚ್ ಆನ್ ಇವೆಯೇ ನೋಡಬೇಕು. ಅದಕ್ಕೂ ಹಿಡಿತಕ್ಕೆ ಬರದಿದ್ದರೆ ಇಳಿಯುವುದೊಂದೇ ದಾರಿ: ಎಂಜಿನ್ ಐಡಲ್‌ಗೆ (ಕನಿಷ್ಠ ಶಕ್ತಿಗೆ), ಗಾಳಿಗೆ ಅಡ್ಡ ನಿಲ್ಲುವ ರೆಕ್ಕೆಯ ಹಲಗೆ ಸ್ಪೀಡ್‌ಬ್ರೇಕ್ ಮೇಲಕ್ಕೆ, ಮೂಗು ಕೆಳಕ್ಕೆ. ವಿಮಾನದ ಮೈ ಬಿರಿದ ಅನುಮಾನವಿದ್ದರೆ ವೇಗ ಏರಿಸಬಾರದು. ನೆಲದ ರೇಡಾರ್‌ಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಕೇತ 7700, ರೇಡಿಯೋದಲ್ಲಿ ತುರ್ತಿನ ಕರೆ ಮೇಡೇ. ನಿಮಿಷಕ್ಕೆ ಐದಾರು ಸಾವಿರ ಅಡಿಯಂತೆ ಇಳಿದರೆ ನಾಲ್ಕೈದು ನಿಮಿಷದಲ್ಲಿ 10,000 ಅಡಿ. ನಮ್ಮ ದಖನ್ ಮೇಲೆ ಇದಕ್ಕೆ ಅಡ್ಡಿಯಿಲ್ಲ. ಲೇಹ್ ಕಡೆ ಬೆಟ್ಟಗಳೇ ಇನ್ನೂ ಎತ್ತರ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯನ್ನು ಹೊರಡುವ ಮೊದಲೇ ಗುರುತಿಸಿಟ್ಟಿರುತ್ತಾರೆ.

ಸೀಟಿನಲ್ಲಿ ಕೂತವರ ಕೆಲಸ ಸಣ್ಣದು, ಆದರೂ ತಪ್ಪಾಗುವುದು ಅಲ್ಲೇ. ಕ್ಯಾಬಿನ್ ಸುಮಾರು 14,000 ಅಡಿಯ ಮಟ್ಟಕ್ಕೆ ಬಂದಾಗ ಮಾಸ್ಕ್ ತಾನಾಗಿ ಬೀಳುತ್ತದೆ. ಬಿದ್ದ ಮಾಸ್ಕನ್ನು ಜಗ್ಗಿ ಎಳೆಯಬೇಕು. ಬಹುಪಾಲು ವಿಮಾನಗಳಲ್ಲಿ ಹಾಗೆ ಎಳೆದಾಗಲೇ ಮೇಲಿನ ಡಬ್ಬಿಯ ಪಿನ್ನು ಕಿತ್ತು ರಾಸಾಯನಿಕ ಉರಿದು ಆಕ್ಸಿಜನ್ ಹುಟ್ಟುವುದು. ಸುಟ್ಟ ವಾಸನೆ ಬಂದರೆ ಬೆಂಕಿ ಎಂದು ಕೂಗಬೇಡಿ, ಡಬ್ಬಿ ಕಾದದ್ದು ಅದು. ಚೀಲ ಉಬ್ಬದಿದ್ದರೂ ಆಕ್ಸಿಜನ್ ಬರುತ್ತಿರುತ್ತದೆ. ಮೂಗು ಬಾಯಿ ಎರಡೂ ಮುಚ್ಚಿರಲಿ. ಮೊದಲು ನಿಮಗೆ, ಆಮೇಲೆ ಮಗುವಿಗೆ: ನೀವೇ ಮಂಪರಿಗೆ ಬಿದ್ದರೆ ಮಗುವಿಗೆ ಹಾಕುವವರು ಯಾರು? ಡಬ್ಬಿ ಹನ್ನೆರಡು ನಿಮಿಷದ ಆಸುಪಾಸು ಬಾಳುತ್ತದೆ, ಇಳಿಯಲು ಅಷ್ಟು ಸಾಕು.

ಮೈಸೂರಿನ ಮಂಡಕಳ್ಳಿಯಂಥ ಪುಟ್ಟ ನಿಲ್ದಾಣಗಳಿಂದ ಹಾರುವ, ಪ್ರೊಪೆಲ್ಲರ್ ಇರುವ ಎ.ಟಿ.ಆರ್. ವಿಮಾನದಲ್ಲಿ ತಲೆಯ ಮೇಲೆ ಈ ಮಾಸ್ಕ್ ಹುಡುಕಬೇಡಿ. ಆ ವಿಮಾನ 25,000 ಅಡಿಗಿಂತ ಮೇಲೇರುವುದಿಲ್ಲ. ಸಾಮಾನ್ಯವಾಗಿ ಸಿಬ್ಬಂದಿಯ ಕೈಯಲ್ಲಿ ಸಣ್ಣ ಸಿಲಿಂಡರ್ ಇರುತ್ತದೆ, ಅಷ್ಟೇ.