ನಾಲ್ಕು ಯೂನಿಟ್‌ನ ಪೆಟ್ಟಿಗೆ: ರ‍್ಯಾಕ್ ಕೇಸ್ ಆರಿಸಿದ ನನ್ನ ಅನುಭವ

ಮಳೆಗಾಲ ಅಂದರೆ ನನಗೆ ತಾಳಮದ್ದಳೆಯ ಕಾಲ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಬಯಲಾಟದ ದೊಡ್ಡ ಸೌಂಡ್ಸ್ ಕೆಲಸವೂ ಅಲ್ಲಿಗೆ ನಿಂತಿತು. ಆಮೇಲೆ ದೇವಸ್ಥಾನದ ಸಭಾಭವನ, ಶಾಲೆಯ ಹಾಲ್, ಕೆಲವೊಮ್ಮೆ ಯಾರದೋ ಮನೆಯ ಚಾವಡಿ. ನೂರೋ ಇನ್ನೂರೋ ಜನ. ಸಾಮಾನು ಕಡಿಮೆ ಸಾಕು, ಆದರೆ ಸೌಂಡ್ ಒಂಚೂರೂ ಕೆಡಬಾರದು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುವ ಪದ, ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಗಳ ಮಾತು, ಅಷ್ಟೇ. ಒಬ್ಬರ ಪ್ರಶ್ನೆ ಸರಿಯಾಗಿ ಕೇಳಿಸದೆ ಹೋದರೆ ಇನ್ನೊಬ್ಬರು ಕೊಟ್ಟ ಉತ್ತರದ ರುಚಿಯೂ ಹೋಯಿತು.

ನನ್ನ ಹತ್ತಿರ ಮೊದಲು ಇದ್ದದ್ದು 8 ಯೂನಿಟ್‌ನ ಪ್ಲೈವುಡ್ ರ‍್ಯಾಕ್ ಕೇಸ್, ಅಂದರೆ ಸೌಂಡ್ಸ್ ಸಾಮಾನನ್ನು ಒಂದರ ಮೇಲೊಂದು ಸ್ಕ್ರೂ ಹಾಕಿ ಕೂರಿಸುವ ಪೆಟ್ಟಿಗೆ. ಯೂನಿಟ್ ಅನ್ನುವುದು ಅದರ ಎತ್ತರದ ಲೆಕ್ಕ. ಅಂಚಿಗೆಲ್ಲ ಅಲ್ಯೂಮಿನಿಯಂ ಪಟ್ಟಿ, ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಆಂಪ್ಲಿಫಯರ್. ಇಬ್ಬರಿಲ್ಲದೆ ಎತ್ತುವ ಹಾಗಿರಲಿಲ್ಲ. ಆಂಪ್ಲಿಫಯರ್ ಒಳಗೇ ಇರುವ ಸ್ಪೀಕರ್ ತಂದ ಮೇಲೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ ಅನ್ನಿಸಿತು. ಎಲ್ಲ ಮೈಕಿನ ಸೌಂಡ್ ಸೇರಿಸುವ ಮಿಕ್ಸರ್ ಒಂದು, ವಯರ್‌ಲೆಸ್ ಮೈಕಿನ ರಿಸೀವರ್ ಎರಡು. ಅಷ್ಟಕ್ಕೆ ಸಣ್ಣದೊಂದು ಕೇಸ್ ಸಾಕಲ್ವಾ?

ಅಂಗಡಿಗೆ ಹೋಗಿ ಯೂನಿಟ್ ಲೆಕ್ಕ ಮಾತ್ರ ಹೇಳಿದೆ. ತಪ್ಪಾದದ್ದು ಅಲ್ಲಿಯೇ. ರ‍್ಯಾಕ್‌ನ ಅಗಲಕ್ಕೆ, ಎತ್ತರಕ್ಕೆ ಅಳತೆ ಗಟ್ಟಿ ಇದೆ. ಮುಂದಿನ ಫಲಕ ಕಿವಿ (ಸ್ಕ್ರೂ ಹಾಕಲು ಎರಡೂ ಬದಿಗೆ ಚಾಚಿದ ಭಾಗ) ಸೇರಿ 19 ಇಂಚು, ಅಂದರೆ 482.6 ಮಿ.ಮೀ. ಒಂದು ಯೂನಿಟ್ ಎತ್ತರ 1.75 ಇಂಚು, 44.45 ಮಿ.ಮೀ. ಯಾವ ಕಂಪನಿಯದ್ದಾದರೂ ಕೂರುತ್ತದೆ. ಆಳಕ್ಕೆ ಮಾತ್ರ ಅಂಥ ಒಂದೇ ಅಳತೆ ಇಲ್ಲ. 10 ಇಂಚಿನ ಕೇಸೂ ಇದೆ, 14 ಇಂಚಿನದ್ದೂ ಇದೆ, 20 ದಾಟಿದ್ದೂ ಇದೆ. ನಾನು ತಂದದ್ದು 4 ಯೂನಿಟ್‌ನದು, ಒಳಗಿನ ಆಳ 10 ಇಂಚು. ಆಗಿನ ನನ್ನ ಮಿಕ್ಸರ್ 8 ಇಂಚು ಆಳ. ಕೂತಿತು. ಹಿಂದೆ 2 ಇಂಚು ಉಳಿಯಿತು, ಸಾಕು ಅಂದುಕೊಂಡೆ.

ಸ್ಪೀಕರ್‌ಗೆ ಹೋಗುವ ಎಕ್ಸ್‌ಎಲ್‌ಆರ್ ಪಿನ್ನುಗಳು (ಮೈಕಿನ ವಯರಿಗೆ ಇರುವಂಥ ದುಂಡು ಪಿನ್ನು) ಆ ಮಿಕ್ಸರಿನ ಹಿಂದೆ ಇದ್ದವು. ಪ್ರತಿ ಸಲ ಬಿಚ್ಚಿ ಸಿಕ್ಕಿಸುವುದು ಯಾಕೆ ಅಂತ ಅವನ್ನು ಹಾಗೇ ಬಿಟ್ಟು ಹಿಂದಿನ ಮುಚ್ಚಳ ಒತ್ತಿ ಲಾಕ್ ಹಾಕುತ್ತಿದ್ದೆ. ಮುಚ್ಚಳ ಪಿನ್ನನ್ನು ಒತ್ತುತ್ತಿತ್ತು, ಪಿನ್ನು ಸಾಕೆಟ್ಟನ್ನು ಒತ್ತುತ್ತಿತ್ತು. ಮಳೆಗಾಲದ ನಮ್ಮ ರಸ್ತೆಯ ಹೊಂಡಗಳಲ್ಲಿ ಕಾರು ಕುಣಿದ ಹಾಗೆಲ್ಲ ಆ ಸಾಕೆಟ್ಟಿಗೆ ಪೆಟ್ಟು.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ರಾತ್ರಿ ಕರ್ಣನ ಪ್ರಸಂಗ. ಭಾಗವತರು ಪದ ಎತ್ತಿದ್ದಾರೆ, ಮದ್ದಳೆಯವರು ಮೆಲ್ಲಗೆ ನುಡಿಸುತ್ತಿದ್ದಾರೆ. ಹಾಲ್ ಪೂರ್ತಿ ನಿಶ್ಶಬ್ದ. ಅಷ್ಟರಲ್ಲಿ ಸ್ಪೀಕರಿನಲ್ಲಿ ಕರಕರ ಶುರುವಾಯಿತು. ವಯರ್ ಮುಟ್ಟಿದರೆ ನಿಲ್ಲುತ್ತದೆ, ಕೈ ಬಿಟ್ಟರೆ ಮತ್ತೆ ಶುರು. ಪದ ಮುಗಿಯುವವರೆಗೆ ಪೆಟ್ಟಿಗೆಯ ಹಿಂದೆ ಕೂತು ಆ ವಯರನ್ನು ಕೈಯಲ್ಲೇ ಎತ್ತಿ ಹಿಡಿದಿದ್ದೆ. ಪದ ಮುಗಿಸಿ ಭಾಗವತರು ತಿರುಗಿ ನೋಡಿದರು. "ಎಂತ ಆಯ್ತು ಮಾರಾಯಾ?" "ಎರಡು ನಿಮಿಷ ಕೊಡಿ ಭಾಗವತರೇ" ಅಂತ ಹೇಳಿ ವಯರನ್ನು ಬೇರೆ ಔಟ್‌ಪುಟ್‌ಗೆ ಹಾಕಿದೆ. ಮಾರನೇ ದಿನ ಬಿಚ್ಚಿ ನೋಡಿದರೆ ಸಾಕೆಟ್ಟಿನ ಕಾಲಿನ ಸುತ್ತ ಬೆಸುಗೆ ಉಂಗುರದ ಹಾಗೆ ಬಿರುಕು ಬಿಟ್ಟಿತ್ತು. ಭಾಗವತರು ಬೈಯಲಿಲ್ಲ. ಆದರೆ ಆ ಪದ ಕೆಟ್ಟದ್ದು ನನಗೆ ಇವತ್ತಿಗೂ ಬೇಜಾರು.

ಎರಡನೇ ಸಲ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಅಳತೆ ತೆಗೆದೆ. ಒಂದೊಂದು ಸಾಮಾನನ್ನೂ ಟೇಬಲ್ ಮೇಲಿಟ್ಟು ದಿನಾ ಹಾಕುವ ಪಿನ್ನುಗಳನ್ನೆಲ್ಲ ಸಿಕ್ಕಿಸಿದೆ. ವಯರನ್ನು ಬಲವಂತವಾಗಿ ಮಡಚಲಿಲ್ಲ. ಅದು ತಾನಾಗಿ ಎಲ್ಲಿ ಬಾಗುತ್ತದೋ ಅಲ್ಲಿಯವರೆಗೆ ಟೇಪ್ ಹಿಡಿದೆ. ಎಕ್ಸ್‌ಎಲ್‌ಆರ್ ಪಿನ್ನು, ವಯರಿನ ತಿರುವು ಸೇರಿ ಹೆಚ್ಚುಕಮ್ಮಿ 4 ಇಂಚು ಬೇಕು. ಕರೆಂಟ್ ವಯರಿನ ಪಿನ್ನಿಗೂ 3 ಇಂಚಿಗಿಂತ ಕಡಿಮೆ ಆಗುವುದಿಲ್ಲ. ಅಡ್ಡಕ್ಕೆ ತಿರುಗಿದ ಪಿನ್ನು ಸಿಗುತ್ತದೆ, ಅದನ್ನು ಹಾಕಿದರೆ ಜಾಗ ಉಳಿಯುತ್ತದೆ. ಮುಂದಿನ ಕಡೆಯೂ ಅಳೆಯಬೇಕು. ಸೌಂಡ್ ಏರಿಸಿ ಇಳಿಸುವ ಗುಂಡಿಗಳು ಎಷ್ಟು ಹೊರಗೆ ಚಾಚಿವೆ, ಸ್ಕ್ರೂ ಹಾಕುವ ಕಂಬಿ ಕೇಸಿನ ಬಾಯಿಯಿಂದ ಎಷ್ಟು ಒಳಗಿದೆ ಅಂತ ನೋಡದಿದ್ದರೆ ಮುಂದಿನ ಮುಚ್ಚಳ ಆ ಗುಂಡಿಗಳನ್ನೇ ಒತ್ತುತ್ತದೆ.

ಆ ಹೊತ್ತಿಗೆ ಮಿಕ್ಸರನ್ನೂ ಬದಲಾಯಿಸಿದ್ದೆ. ಈಗಿನದ್ದು ಬೆಹ್ರಿಂಗರ್ ಎಕ್ಸ್‌ಆರ್18, ಟ್ಯಾಬ್ಲೆಟ್‌ನಲ್ಲಿ ನಡೆಸುವಂಥದ್ದು. 16 ಮೈಕ್ ಹಾಕಬಹುದು. ಭಾಗವತರಿಗೆ, ಮದ್ದಳೆಗೆ, ಸಾಲಾಗಿ ಕೂರುವ ಐದಾರು ಅರ್ಥಧಾರಿಗಳಿಗೆ ಧಾರಾಳ ಆಯಿತು. ಅದು ಕಿವಿ ಹಾಕಿದರೆ 3 ಯೂನಿಟ್. ಆಳ ಮಾತ್ರ ಸುಮಾರು 6 ಇಂಚು. ರಿಸೀವರ್‌ಗಳು ಅರ್ಧ ಅಗಲದವು, ಎರಡನ್ನೂ ಪಕ್ಕಪಕ್ಕ ಜೋಡಿಸಿದರೆ 1 ಯೂನಿಟ್‌ನಲ್ಲಿ ಮುಗಿಯಿತು. ಅವುಗಳ ಆಳ 8 ಇಂಚು. ಹಿಂದಿನ ಪಿನ್ನಿಗೆ 4 ಸೇರಿಸಿದರೆ 12. ಹಾಗಾಗಿ 4 ಯೂನಿಟ್ ಎತ್ತರ, 14 ಇಂಚು ಆಳ ಅಂತ ತೀರ್ಮಾನ ಮಾಡಿದೆ. ಮಿಕ್ಸರಿನ ಹಿಂದೆ ಉಳಿದ ಜಾಗ ದಂಡವಾಗಲಿಲ್ಲ. ಹಿಂದೆಯೂ ಕಂಬಿ ಇರುವ ಕೇಸ್ ಆರಿಸಿದ್ದರಿಂದ ಪ್ಲಗ್ ಪಟ್ಟಿಯನ್ನು ಅಲ್ಲಿ ಕೂರಿಸಿದೆ. ಈಗ ಹೊರಗೆ ಬರುವುದು ಒಂದೇ ಕರೆಂಟ್ ವಯರ್.

ಯಾವುದರಿಂದ ಮಾಡಿದ ಕೇಸ್ ಅನ್ನುವುದರಲ್ಲೂ ತುಂಬಾ ಯೋಚನೆ ಮಾಡಿದೆ. ಪ್ಲೈವುಡ್ ಗಟ್ಟಿ, ಬೇಕಾದ ಅಳತೆಗೆ ಮಾಡಿಸಬಹುದು, ಲಾರಿಯಲ್ಲಿ ಒಂದರ ಮೇಲೊಂದು ಪೇರಿಸುವವರಿಗೆ ಅದೇ ಸರಿ. ಮಾಡಿಸುವುದಾದರೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್ಡನ್ನೇ ಕೇಳಿ. ನನ್ನ ಹಳೇ ಪೆಟ್ಟಿಗೆ ಸಾದಾ ಪ್ಲೈವುಡ್ಡಿನದ್ದು. ಕರಾವಳಿಯ ತೇವಕ್ಕೆ ಅದರ ತಳ ಪದರ ಪದರವಾಗಿ ಎದ್ದಿತ್ತು. ಬಟ್ಟೆಯ ಬ್ಯಾಗಿನ ರ‍್ಯಾಕ್ ಹಗುರ, ಆದರೆ ನೀರು ನಿಂತ ಅಂಗಳದಲ್ಲಿ ಇಡುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ಅಚ್ಚು ಹಾಕಿದ ಪ್ಲಾಸ್ಟಿಕ್ ಕೇಸ್ ತೆಗೆದುಕೊಂಡೆ. ಎರಡೂ ಮುಚ್ಚಳ ಸೇರಿ 6 ಕಿಲೋ ಚಿಲ್ಲರೆ. ಎಲ್ಲ ತುಂಬಿಸಿದ ಮೇಲೆ ನನ್ನ ತಕ್ಕಡಿಯಲ್ಲಿ 15 ಕಿಲೋ ಆಸುಪಾಸು. ಒಬ್ಬನೇ ಎತ್ತಿಕೊಂಡು ಸಭಾಭವನದ ಮೆಟ್ಟಿಲು ಹತ್ತುತ್ತೇನೆ. ಕೇಸಿನ ತೂಕವನ್ನು ಖಾಲಿ ಇರುವಾಗಲೇ ಕೇಳಿಕೊಳ್ಳಿ, ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಸಣ್ಣ ಕೇಸಿನಲ್ಲಿ ಬಿಸಿಯ ಬಗ್ಗೆಯೂ ಎಚ್ಚರ ಬೇಕು. ಎರಡೂ ಮುಚ್ಚಳ ತೆಗೆಯದೆ ಸ್ವಿಚ್ ಹಾಕುವುದೇ ಇಲ್ಲ. ಆಂಪ್ಲಿಫಯರ್ ಇಡುವವರು ಅದರ ಫ್ಯಾನ್ ಯಾವ ಕಡೆಯಿಂದ ಗಾಳಿ ಎಳೆದು ಯಾವ ಕಡೆ ಬಿಡುತ್ತದೆ ಅಂತ ಮೊದಲು ಕೈ ಇಟ್ಟು ನೋಡಿಕೊಳ್ಳಬೇಕು. ಭಾರದ ಆಂಪ್ಲಿಫಯರನ್ನು ಮುಂದಿನ ನಾಲ್ಕು ಸ್ಕ್ರೂ ಮೇಲೆ ನೇತುಹಾಕಿದರೆ ಕಿವಿ ಬಾಗುತ್ತದೆ, ಹಿಂದೆಯೂ ಆಧಾರ ಕೊಡಿ. ಮೈಕ್ ರಿಸೀವರ್‌ಗಳ ಆಂಟೆನಾ ಹಿಂದೆ ಕಬ್ಬಿಣದ ಮರೆಗೆ ಬೀಳುತ್ತಿತ್ತು. ಎರಡು ಗಿಡ್ಡ ವಯರ್ ಹಾಕಿ ಮುಂದಿನ ಫಲಕಕ್ಕೆ ತಂದೆ. ವೈಫೈ ರೂಟರನ್ನು ವೆಲ್ಕ್ರೋದಲ್ಲಿ ಅಂಟಿಸಿದ್ದೇನೆ. ಕಾರ್ಯಕ್ರಮದ ಹೊತ್ತಿಗೆ ತೆಗೆದು ಕೇಸಿನ ಮೇಲೆ ಇಡುತ್ತೇನೆ, ಎದುರಿಗೆ ಜನ ತುಂಬಿದಾಗ ಟ್ಯಾಬ್ಲೆಟ್‌ಗೆ ಸಿಗ್ನಲ್ ಚೆನ್ನಾಗಿ ಸಿಗಲಿ ಅಂತ.

ಇನ್ನು ಸ್ಕ್ರೂ. ಕೆಲವು ಕೇಸಿಗೆ 6 ಮಿ.ಮೀ. ದಪ್ಪದ ಎಂ6, ಕೆಲವಕ್ಕೆ ಅದಕ್ಕಿಂತ ಸಪೂರದ 10-32. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಕೇಸ್ ತಂದ ದಿನವೇ ಅದರದ್ದೇ ಹತ್ತು ಸ್ಕ್ರೂ ಜಾಸ್ತಿ ತಂದು ಸಣ್ಣ ಡಬ್ಬಿಯಲ್ಲಿ ಹಾಕಿ ಒಳಗೇ ಇಟ್ಟಿದ್ದೇನೆ.

ಈಗ ಪಿನ್ನುಗಳನ್ನು ಸಿಕ್ಕಿಸಿಯೇ ಹಿಂದಿನ ಮುಚ್ಚಳ ಹಾಕುತ್ತೇನೆ, ಮಧ್ಯೆ ಎರಡು ಬೆರಳು ಆರಾಮಾಗಿ ಹೋಗುವಷ್ಟು ಜಾಗ ಉಳಿಯುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬಂದರೂ ಮೊದಲು ಎರಡೂ ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಇಡುತ್ತೇನೆ. ಬೆಳಿಗ್ಗೆ ಒಳಗಿನ ಸಿಲಿಕಾ ಜೆಲ್ ಚೀಲ ನೋಡುತ್ತೇನೆ. ನೀಲಿ ಮಣಿಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬಿಸಿ ಮಾಡಿ, ನೀಲಿಗೆ ಬಂದ ಮೇಲೆ ಮತ್ತೆ ಒಳಗೆ ಹಾಕಿ ಮುಚ್ಚುತ್ತೇನೆ.