ಕಿಟಕಿ ಗಾಜು ಒರೆಸುವ ಕೆಲಸ ಶುರು ಮಾಡ್ತೀರಾ? ದುಡ್ಡು ಯಾವ ಸಾಮಾನಿಗೆ ಹಾಕಬೇಕು ನೋಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕಿಟಕಿ ಗಾಜು ಒರೆಸಿಕೊಡುವ ಕೆಲಸವನ್ನು ಇಬ್ಬರು ಸೇರಿ, ಒಂದು ಸ್ಕೂಟರ್ ಇಟ್ಟುಕೊಂಡು ಶುರು ಮಾಡಬಹುದು. ಹೊಸಬರು ಎಡವುವುದು ಸಾಮಾನಿನ ವಿಷಯದಲ್ಲಿ. ಕೆಲವರು ಆನ್‌ಲೈನ್‌ನಲ್ಲಿ ಕಂಡ ದೊಡ್ಡ ಕಿಟ್ ಪೂರ್ತಿ ಕೊಳ್ಳುತ್ತಾರೆ. ಇನ್ನು ಕೆಲವರು ಹಳೇ ಬನಿಯನ್ನು, ಸ್ಪ್ರೇ ಬಾಟಲಿ ಹಿಡಿದು ಹೊರಟುಬಿಡುತ್ತಾರೆ. ಬಿಸಿಲು ಬಿದ್ದಾಗ ಇಬ್ಬರ ಗಾಜಿನ ಮೇಲೂ ಗೆರೆ ಕಾಣುತ್ತದೆ. ಗೆರೆ ಕಂಡ ಮನೆಯವರು ಮತ್ತೆ ಕರೆಯುವುದಿಲ್ಲ.

ನನ್ನ ಸಲಹೆ ಇಷ್ಟು: ಗಾಜು ಒರೆಸುವ ವೈಪರ್‌ಗೆ, ಅದರ ರಬ್ಬರ್‌ಗೆ ಕೈಬಿಚ್ಚಿ ಖರ್ಚು ಮಾಡಿ. ಉಳಿದ ಬಹುಪಾಲು ಸಾಮಾನು ಮನೆಯಲ್ಲೇ ಇರುತ್ತದೆ.

ನೆಲದ ವೈಪರ್ ಇದಕ್ಕೆ ಆಗಲ್ಲ, ಅದರ ರಬ್ಬರ್ ದಪ್ಪ. 1936ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಎಟ್ಟೋರೆ ಸ್ಟೆಕ್ಕೋನೆ ಎಂಬ ಇಟಲಿ ಮೂಲದ ಕಿಟಕಿ ಕೆಲಸಗಾರರು ಹಗುರವಾದ ಹಿತ್ತಾಳೆಗೆ ಒಂದೇ ತೆಳು ರಬ್ಬರ್ ಪಟ್ಟಿ ಕೂರಿಸಿ ವೈಪರ್ ಮಾಡಿದರು. ಈ ಕಸುಬಿನವರು ಇವತ್ತಿಗೂ ಬಳಸುವುದು ಆ ಮಾದರಿಯನ್ನೇ. ಕೊಳ್ಳುವಾಗ ರಬ್ಬರ್ ಬಿಚ್ಚಿ ಬದಲಿಸಲು ಬರುತ್ತದಾ, ಬಿಡಿ ರಬ್ಬರ್ ಸಿಗುತ್ತದಾ ಎಂದು ಮೊದಲು ಕೇಳಿ. ಸ್ಪ್ರೇ, ಸ್ಪಂಜು, ವೈಪರ್ ಮೂರೂ ಒಂದರಲ್ಲೇ ಇರುವ ಪ್ಲಾಸ್ಟಿಕ್ ಸಾಮಾನನ್ನು ಮುಟ್ಟಬೇಡಿ. ಅದರ ಹಿಡಿ ಬಾಗುತ್ತದೆ, ರಬ್ಬರ್ ಎಲ್ಲ ಕಡೆ ಒಂದೇ ಸಮ ಒತ್ತುವುದಿಲ್ಲ.

14 ಇಂಚಿನದು ಒಂದು, 6 ಇಂಚಿನದು ಒಂದು ಇರಲಿ. ನಮ್ಮ ಮನೆಗಳ ಕಿಟಕಿಗೆ ಒಳಗೆ ಗ್ರಿಲ್ ಇರುತ್ತದಲ್ವಾ, ಅದರ ಸಂದಿಯಲ್ಲಿ ದೊಡ್ಡದು ಆಡುವುದೇ ಇಲ್ಲ.

ಈಗ ಕೆಲಸ. ಮೊದಲು ಸೊಳ್ಳೆ ಮೆಶ್, ಕಿಟಕಿ ಕೆಳಗಿನ ಟ್ರ್ಯಾಕ್ ಎರಡರ ಧೂಳನ್ನೂ ಒಣ ಬ್ರಷ್‌ನಿಂದ ತೆಗೆಯಿರಿ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ ಹಾಕಿ. ನೊರೆ ಜಾಸ್ತಿ ಆದರೆ ಗಾಜಿನ ಮೇಲೆ ಸೋಪಿನ ಪೊರೆ ಕೂರುತ್ತದೆ. ಬಟ್ಟೆ ಅದ್ದಿ ಗಾಜು ಪೂರ್ತಿ ನೆನೆಯುವಂತೆ ಉಜ್ಜಿ. ನೇರ ಬಿಸಿಲಲ್ಲಿ ಮಾತ್ರ ಬೇಡ, ವೈಪರ್‌ನಿಂದ ಎಳೆಯುವ ಮೊದಲೇ ನೀರು ಒಣಗುತ್ತದೆ. ಪಡುವಣ ಕಿಟಕಿಗಳನ್ನು ಬೆಳಗ್ಗೆ, ಮೂಡಣದವನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ.

ಇಲ್ಲಿಯವರೆಗೆ ಯಾರಾದರೂ ಮಾಡುತ್ತಾರೆ. ಕೈಚಳಕ ಬೇಕಾಗುವುದು ನೀರು ಎಳೆಯುವಾಗ.

ಗಾಜಿನ ಮೇಲಂಚಿನಲ್ಲಿ, ಫ್ರೇಮಿಗೆ ತಾಗಿದ ಹಾಗೆ, ಸುಮಾರು ಒಂದು ಇಂಚು ಅಗಲ ಬಟ್ಟೆಯಿಂದ ಒಣಗಿಸಿ. ಎಡಗಡೆಯಿಂದ ಶುರು ಮಾಡುವುದಾದರೆ ಎಡ ಅಂಚನ್ನೂ ಹಾಗೇ ಒಣಗಿಸಿ. ವೈಪರ್ ಕೂರಬೇಕಾದ್ದು ಈ ಒಣ ಜಾಗದ ಮೇಲೆ. ಹೆಚ್ಚಿನವರು ಒದ್ದೆ ಗಾಜಿನ ಮೇಲೇ ಶುರು ಮಾಡುತ್ತಾರೆ. ಆಗ ಫ್ರೇಮಿನ ಸಂದಿಯ ನೀರು ರಬ್ಬರ್ ಜೊತೆ ಕೆಳಗೆ ಬಂದು ಗೆರೆ ಎಳೆಯುತ್ತದೆ. ಹಿಡಿಯನ್ನು ಗಾಜಿನ ಕಡೆ ಓರೆ ಮಾಡಿ, ಹಗುರ ಕೈಯಲ್ಲಿ, ನಡುವೆ ನಿಲ್ಲಿಸದೆ ಕೆಳಗೆ ಎಳೆಯಿರಿ. ಕಿರ್ ಅಂತ ಸದ್ದು ಬಂದರೆ ಸೋಪು ಕಮ್ಮಿ ಆಗಿದೆ, ಇಲ್ಲ ಹಿಡಿ ತುಂಬ ನೆಟ್ಟಗಿದೆ. ವೈಪರ್‌ನ ಒಂದು ತುದಿ ತುಸು ತಗ್ಗಿರಲಿ, ನೀರು ಇನ್ನೂ ಒರೆಸದ ಕಡೆಗೇ ಹರಿಯಬೇಕು. ಒಂದು ಸಲ ಎಳೆದ ಕೂಡಲೇ ರಬ್ಬರ್ ಒರೆಸಿ. ಮುಂದಿನ ಎಳೆತ ಹಿಂದಿನದರ ಮೇಲೆ ಎರಡು ಇಂಚು ಹತ್ತಿಕೊಂಡು ಬರಲಿ. ಗಾಜಿನ ತಳಕ್ಕೆ ನಾಲ್ಕು ಬೆರಳು ಉಳಿದಾಗ ನಿಲ್ಲಿಸಿ, ಆ ಪಟ್ಟಿಯನ್ನು ಕೊನೆಯಲ್ಲಿ ಅಡ್ಡಕ್ಕೆ ಎಳೆದು ತೆಗೆಯಿರಿ.

ಆಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಬೆರಳಿಗೆ ಸುತ್ತಿ ನಾಲ್ಕೂ ಅಂಚು ಒರೆಸಿ. ಅಂಚು ಮಾತ್ರ. ಇಡೀ ಗಾಜನ್ನು ಮತ್ತೆ ಉಜ್ಜಲು ಹೋದರೆ ನೂಲೂ ಮಸುಕೂ ಅಂಟುತ್ತವೆ.

ಇಷ್ಟೆಲ್ಲ ಮಾಡಿದರೂ ಒಂದೇ ಜಾಗದಲ್ಲಿ ಗೆರೆ ಬರುತ್ತಿದೆಯಾ? ರಬ್ಬರ್ ಅಂಚಿನ ಉದ್ದಕ್ಕೂ ಉಗುರು ಆಡಿಸಿ ನೋಡಿ. ಎಲ್ಲಾದರೂ ಸಣ್ಣ ಕಚ್ಚು ಸಿಗುತ್ತದೆ. ಪಟ್ಟಿಯನ್ನು ತಿರುವಿ ಹಾಕಿ, ಇನ್ನೊಂದು ಅಂಚೂ ಸವೆದಿದ್ದರೆ ಬದಲಿಸಿ. ರಬ್ಬರ್ ಲೋಹಕ್ಕಿಂತ ಎರಡೂ ಕಡೆ ಒಂದೆರಡು ಮಿಲಿಮೀಟರ್ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ಲೋಹ ಗಾಜನ್ನು ಗೀರುತ್ತದೆ. ದಿನವಿಡೀ ಕೆಲಸ ಮಾಡುವವರು ರಬ್ಬರ್‌ನಲ್ಲಿ ಉಳಿತಾಯ ಮಾಡಲೇಬಾರದು.

ಬೋರ್‌ವೆಲ್ ನೀರಿನ ಬಿಳಿ ಕಲೆ ಬೇರೆ ಕಥೆ. ಅದು ಗಡಸು ನೀರು ಒಣಗಿ ಉಳಿದ ಸುಣ್ಣ. ಗ್ಲಾಸ್ ಕ್ಲೀನರ್ ಎಷ್ಟು ಹೊಡೆದರೂ ಹೋಗಲ್ಲ, ಹುಳಿ ಬೇಕು. ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ನೀರಲ್ಲಿ ಬಟ್ಟೆ ನೆನೆಸಿ, ಹತ್ತು ನಿಮಿಷ ಗಾಜಿಗೆ ಅಂಟಿಸಿಟ್ಟು ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೆಳಗಿನ ಕಟ್ಟೆ ಮಾರ್ಬಲ್ ಅಥವಾ ಕಡಪ ಕಲ್ಲಿನದಾದರೆ ಮೊದಲು ಪ್ಲಾಸ್ಟಿಕ್ ಹಾಸಿ, ಹುಳಿ ಬಿದ್ದರೆ ಹೊಳಪು ಹೋಗುತ್ತದೆ. ಬೇಗ ಮುಗಿಸಲು ಟಾಯ್ಲೆಟ್ ಆಸಿಡ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಅಲ್ಯೂಮಿನಿಯಂ ಫ್ರೇಮನ್ನು ಅದು ತಿನ್ನುತ್ತದೆ, ಹೊಗೆ ಉಸಿರಿಗೂ ಕೆಟ್ಟದ್ದು. ವರ್ಷಗಟ್ಟಲೆ ಕೂತ ಕಲೆ ಗಾಜಿನೊಳಗೇ ಇಳಿದಿರಬಹುದು. ಅದು ಹೋಗಲ್ಲ ಅಂತ ಕೆಲಸ ಒಪ್ಪುವ ಮೊದಲೇ ಹೇಳಿಬಿಡಿ.

ಹೊಸ ಮನೆಯ ಪೇಂಟ್, ಪುಟ್ಟಿ ಹನಿಗಳಿಗೆ ಬ್ಲೇಡ್ ಸ್ಕ್ರೇಪರ್ ಬೇಕೇ ಬೇಕು. ಹೊಸ ಬ್ಲೇಡ್, ನೆನೆದ ಗಾಜು, ಒಂದೇ ದಿಕ್ಕು: ಮುಂದಕ್ಕೆ ತಳ್ಳಿ, ಎತ್ತಿ, ಮತ್ತೆ ತಳ್ಳಿ. ಹಿಂದಕ್ಕೆ ಎಳೆದರೆ ಬ್ಲೇಡ್ ಕೆಳಗೆ ಸಿಕ್ಕ ಮರಳು ಗೀರುತ್ತದೆ. ಫಿಲ್ಮ್ ಅಂಟಿಸಿದ ಬದಿಗೆ ಬ್ಲೇಡ್ ತಾಗಿಸಬೇಡಿ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಾದರೆ ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡಿ, ಮನೆಯವರ ಒಪ್ಪಿಗೆ ಬರಹದಲ್ಲಿ ಪಡೆದು ಮುಂದುವರಿಯಿರಿ.

ಉದ್ದ ಕೋಲಿನ ಬ್ರಷ್‌ನಲ್ಲೇ ನೀರು ಬರುವ ಯಂತ್ರವನ್ನು ಮೊದಲ ದಿನವೇ ಕೊಳ್ಳಬೇಡಿ. ಅದರಲ್ಲಿ ನೀರು ಒರೆಸುವುದೇ ಇಲ್ಲ, ತಾನಾಗಿ ಒಣಗಲು ಬಿಡುತ್ತಾರೆ. ಕಲೆ ಉಳಿಯಬಾರದೆಂದರೆ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 10ಕ್ಕಿಂತ ಕಡಿಮೆ ಇರಬೇಕು. ಕುಡಿಯುವ ನೀರಿಗೇ ನಮ್ಮಲ್ಲಿ 500ರವರೆಗೆ ಸರಿ ಎನ್ನುತ್ತಾರೆ. ಅಂದರೆ ಫಿಲ್ಟರ್ ಬೇಕು, ಅದರೊಳಗಿನ ರೆಸಿನ್ (ಲವಣ ಹೀರುವ ಸಣ್ಣ ಮಣಿಗಳು) ಆಗಾಗ ಬದಲಿಸಬೇಕು. ನೀರು ಗಡಸಾದಷ್ಟೂ ರೆಸಿನ್ ಬೇಗ ಮುಗಿಯುತ್ತದೆ. ಶೋರೂಮ್, ಆಫೀಸುಗಳ ತಿಂಗಳ ಗುತ್ತಿಗೆ ಕೈಗೆ ಬಂದ ಮೇಲೆ ಲೆಕ್ಕ ಹಾಕಿ. ಅಲ್ಲಿಯವರೆಗೆ ಬಾಲ್ಕನಿಯಲ್ಲಿ, ಮನೆಯೊಳಗೆ ನಿಂತು ಕೈಗೆ ಎಟುಕುವ ಗಾಜನ್ನಷ್ಟೇ ಒಪ್ಪಿಕೊಳ್ಳಿ. ಮೇಲಿನ ಮಹಡಿಗಳ ಹೊರಗಿನ ಗಾಜಿಗೆ ಹಗ್ಗ, ಸೇಫ್ಟಿ ಬೆಲ್ಟ್, ತರಬೇತಿ ಮೂರೂ ಬೇಕು. ಮನೆಯವರು ಎಷ್ಟೇ ಒತ್ತಾಯ ಮಾಡಿದರೂ ಕಿಟಕಿ ಹೊರಗಿನ ಸಜ್ಜಾ ಮೇಲೆ ಹುಡುಗರನ್ನು ಇಳಿಸಬೇಡಿ.