ಹದಿಹರೆಯದ ಮಕ್ಕಳ ನಿದ್ದೆ ಕೆಡದಂತೆ ಊಟ-ತಿಂಡಿ ಹೊಂದಿಸುವುದು ಹೇಗೆ?

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಹೊತ್ತನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಹತ್ತೂವರೆಗೆ ಮಲಗಬೇಕೆಂದರೆ ಕಾಫಿ, ಟೀ ಮಧ್ಯಾಹ್ನ 2ಕ್ಕೇ ಮುಗಿಯಲಿ. ಅವುಗಳಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಟ್ಯೂಷನ್ ಮುಗಿಸಿ 6ಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಪಾಲು 11ಕ್ಕೂ ಮೈಯಲ್ಲೇ ಇರುತ್ತದೆ. ಮಿದುಳಿನಲ್ಲಿ ನಿದ್ದೆಯ ತುಡಿತ ಹೆಚ್ಚಿಸುವ ರಾಸಾಯನಿಕವಾದ ಅಡೆನೊಸಿನ್‌ಗೆ ಅದು ಅಡ್ಡ ನಿಲ್ಲುತ್ತದೆ, ಅಷ್ಟೇ, ಆಯಾಸ ಕಳೆಯುವುದಿಲ್ಲ. 250 ಎಂಎಲ್ ಎನರ್ಜಿ ಡ್ರಿಂಕ್‌ನಲ್ಲಿ ಸಾಮಾನ್ಯವಾಗಿ 75–80 ಮಿಲಿಗ್ರಾಂ ಕೆಫೀನ್. ಪರೀಕ್ಷೆಯ ಹಿಂದಿನ ರಾತ್ರಿಯಂತೂ ಅದರ ಸಹವಾಸವೇ ಬೇಡ.

ಊಟ 8ಕ್ಕೆ. ಮುದ್ದೆ, ಸೊಪ್ಪಿನ ಸಾರು, ಇಲ್ಲವೇ ಚಪಾತಿ, ಪಲ್ಯ ಸಾಕು. ಗೋಬಿ ಮಂಚೂರಿ, ಬಿರಿಯಾನಿ ತಿಂದ ಕೂಡಲೇ ಮಲಗಿದರೆ ಹುಳಿತೇಗು, ಎದೆಯುರಿ. ಹಾಗಂತ ಊಟ ಬಿಡಿಸಲೂಬೇಡಿ, ನಡುರಾತ್ರಿ ಬಿಸ್ಕೆಟ್ ಡಬ್ಬಿಗೆ ಕೈ ಹೋಗುತ್ತದೆ. ಓದುವಾಗ ಹಸಿದರೆ ಬಾಳೆಹಣ್ಣೋ ಅರ್ಧ ಲೋಟ ಹಾಲೋ ಕೊಡಿ. ಹಾಲಿಗೆ ಚಾಕೊಲೇಟ್ ಪುಡಿ ಬೇಡ. ಅದರಲ್ಲೂ ಕೊಂಚ ಕೆಫೀನ್ ಇದೆ.

ಮಲಗಿದಾಗ ಕಾಲು ಚಡಪಡಿಸುತ್ತಿದ್ದರೆ, ಅದರಲ್ಲೂ ಮುಟ್ಟಾಗುವ ಹುಡುಗಿಯರಿಗೆ, ವೈದ್ಯರನ್ನು ಕೇಳಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ತಿಳಿಸುವ) ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಕೊರತೆಯಿಂದ ಹೀಗಾಗುವುದುಂಟು. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಾರಿಗೆ ನಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.